ಉದ್ಯಮಬಾಗದಲ್ಲಿ ವೆಲ್ಡಿಂಗ್ ಕಲಿತ ಆರು ವಾರ

ಇಂಜಿನಿಯರಿಂಗಿನ ಮೊದಲ ವರ್ಷದ ವರ್ಕ್‌ಶಾಪ್ ಪ್ರಯೋಗದಲ್ಲಿ ನನಗೆ ವೆಲ್ಡಿಂಗಿಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಮೂರು ಗಂಟೆಯ ಅವಧಿ, ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು, ಎರಡು ಮಷಿನ್. ರಾಡು ಹಿಡಿಯುವ ಹೋಲ್ಡರ್ ನನ್ನ ಕೈಗೆ ಬಂದದ್ದು ಹೆಚ್ಚೆಂದರೆ ಐದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ, ಕರಗಿ ಬೆಸುಗೆಯಾಗಬೇಕಾದ ರಾಡು ಕಬ್ಬಿಣದ ಪಟ್ಟಿಗೆ ಅಂಟಿಕೊಂಡೇ ಇತ್ತು. ಉಳಿದದ್ದನ್ನು ಅಲ್ಲಿದ್ದವರು ನನ್ನ ಪರವಾಗಿ ಮುಗಿಸಿಕೊಟ್ಟರು. ನಾನು ರೆಕಾರ್ಡ್ ಪುಸ್ತಕದಲ್ಲಿ ಬಟ್ ಜಾಯಿಂಟಿನ ಚಿತ್ರವನ್ನು ಚೂಪು ಪೆನ್ಸಿಲ್ಲಿನಿಂದ ಬಿಡಿಸಿ, ಬೇಕಾದ ಸಾಮಗ್ರಿಗಳ ಪಟ್ಟಿ ಬರೆದು, ಸಹಿ ಹಾಕಿಸಿಕೊಂಡು ಬಂದೆ.

ಅದಾದ ಎರಡು ವರ್ಷಗಳ ನಂತರ ಮಷಿನ್ ಡಿಸೈನ್ ವಿಷಯದಲ್ಲಿ ಫಿಲೆಟ್ ವೆಲ್ಡಿನ, ಎಂದರೆ ಎರಡು ಪಟ್ಟಿಗಳು ಸೇರುವ ಮೂಲೆಯನ್ನು ತ್ರಿಕೋನದಂತೆ ತುಂಬುವ ಬೆಸುಗೆಯ, ಲೆಕ್ಕಗಳು ಬಂದವು. ಕಾಲಿನ, ಎಂದರೆ ಪಟ್ಟಿಯ ಮೇಲೆ ಕೂರುವ ಬದಿಯ, ಅಳತೆಯನ್ನು 0.707ರಿಂದ ಗುಣಿಸಿದರೆ ಕಂಠದ, ಎಂದರೆ ಮೂಲೆಯ ಬುಡದಿಂದ ಬೆಸುಗೆಯ ಮೇಲ್ಮೈವರೆಗಿನ, ದಪ್ಪ ಸಿಗುತ್ತದೆ, 8 ಮಿ.ಮೀ. ಕಾಲಿಗೆ ಕಂಠ 5.66 ಮಿ.ಮೀ.; ನೂರು ಮಿ.ಮೀ. ಉದ್ದದ ಬೆಸುಗೆಗೆ ಚದರ ಮಿಲಿಮೀಟರಿಗೆ 100 ನ್ಯೂಟನ್ ಸುರಕ್ಷಿತವೆಂದು ಹಿಡಿದರೆ ಅದು 56 ಸಾವಿರ ನ್ಯೂಟನ್, ಎಂದರೆ ಐದೂವರೆ ಟನ್ನಿಗೂ ಹೆಚ್ಚಿನ ಭಾರವನ್ನು ತಡೆಯುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕವನ್ನು ನಾನು ಒಂದು ತಪ್ಪೂ ಇಲ್ಲದೆ ಮಾಡಿದೆ. ಆದರೆ ಈ ಸೂತ್ರವು ಬೆಸುಗೆ ಮೂಲೆಯ ಬುಡದವರೆಗೆ ನಿಜವಾಗಿಯೂ ಕೂಡಿಕೊಂಡಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹೊಳೆಯುವುದಕ್ಕೆ ಒಂದು ಬೆಂಚ್ ವೈಸ್, ಒಂದು ದೊಡ್ಡ ಸುತ್ತಿಗೆ ಮತ್ತು ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ನಿಲ್ಲಿಸಿ ನಾನೇ ಬೆಸೆದ ಒಂದು ಟಿ ಜಾಯಿಂಟ್ ಬೇಕಾದವು. ಆ ಪ್ರಸಂಗಕ್ಕೆ ಮುಂದೆ ಬರುತ್ತೇನೆ.

ಬೆಳಗಾವಿಯಲ್ಲಿ ಓದುವ ಮೆಕ್ಯಾನಿಕಲ್ ವಿದ್ಯಾರ್ಥಿಯು ಕೆಲಸ ಕಲಿಯಲು ಜಾಗ ಸಿಗಲಿಲ್ಲ ಎಂದು ನೆಪ ಹೇಳುವಂತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಮಚ್ಛೆಗೆ ಹೋಗುವ ಖಾನಾಪುರ ರಸ್ತೆಯಲ್ಲೇ ಉದ್ಯಮಬಾಗವಿದೆ. ಫೌಂಡ್ರಿ, ಲೇಥ್, ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆಗಳ ನಡುವೆ ಒಂದೆರಡು ಮಷಿನ್ ಇಟ್ಟುಕೊಂಡು ಫ್ಯಾಬ್ರಿಕೇಶನ್ ಮಾಡುವ ಸಣ್ಣ ಶೆಡ್ಡುಗಳು ಅಲ್ಲಿ ಬಹಳ. ಆರನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದ ಮೇಲೆ ಅಂಥದೊಂದು ಶೆಡ್ಡಿನಲ್ಲಿ ಆರು ವಾರ ಕೆಲಸ ಕಲಿಯಲು ನನಗೆ ಅವಕಾಶ ಸಿಕ್ಕಿತು. ಸಂಬಳ ಇರಲಿಲ್ಲ, ಮಧ್ಯಾಹ್ನದ ರೊಟ್ಟಿ, ಎರಡು ಹೊತ್ತಿನ ಚಹಾ ಇದ್ದವು. ಮಳೆಗಾಲವಾದ್ದರಿಂದ ಶೆಡ್ಡಿನ ಮುಂದೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳು, ನಮ್ಮ ಕಡೆಯ ಮಾತಿನಲ್ಲಿ ಡಬ್ಬಿಗಳು, ಸಾಲಾಗಿ ನಿಂತಿದ್ದವು. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುವ ಮೊದಲು ಅವುಗಳ ಸೀಳಿದ ಚಾಸಿ, ಬಾಗಿದ ಚಾನೆಲ್, ಸವೆದ ಕೊಂಡಿ ಎಲ್ಲವೂ ದುರಸ್ತಿಯಾಗಬೇಕು. ಅಲ್ಲಿನ ಹಿರಿಯ ಮಿಸ್ತ್ರಿಯವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು; ನಾನೂ ಹಾಗೆಯೇ ಕರೆದೆ.

ಮೊದಲ ದಿನ ನನಗೆ ಕೊಟ್ಟದ್ದು ಎಣ್ಣೆ ತುಂಬಿದ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್, ಎಂಟು ಮಿ.ಮೀ. ದಪ್ಪದ ಗುಜರಿ ಪಟ್ಟಿಗಳು ಮತ್ತು ಹತ್ತು ನಂಬರ್ ರಾಡು. ಅಂಗಡಿಯಲ್ಲಿ ರಾಡನ್ನು ಕೇಳುವುದು ಹಳೆಯ ಗೇಜ್ ಲೆಕ್ಕದಲ್ಲಿ: ಹನ್ನೆರಡು ನಂಬರ್ ಎಂದರೆ 2.5 ಮಿ.ಮೀ., ಹತ್ತು ಎಂದರೆ 3.15, ಎಂಟು ಎಂದರೆ 4. ನಂಬರು ಇಳಿದಂತೆ ರಾಡು ದಪ್ಪವಾಗುತ್ತದೆ ಎಂಬುದು ತಿಳಿಯದೆ ನಾನು ಒಮ್ಮೆ ಹನ್ನೆರಡರ ಬದಲು ಎಂಟರ ಪಾಕೀಟು ತಂದು ನಗೆಪಾಟಲಾದೆ. ಕರೆಂಟು ಎಷ್ಟಿಡಬೇಕು ಎಂಬುದಕ್ಕೆ ಸ್ಥೂಲವಾದ ಒಂದು ನಿಯಮವಿದೆ: ರಾಡಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 35ರಿಂದ 40 ಆಂಪಿಯರ್. ಹತ್ತು ನಂಬರಿಗೆ 110ರಿಂದ 125ರ ನಡುವೆ ಬರುತ್ತದೆ, ಪಾಕೀಟಿನ ಮೇಲೆ ಮುದ್ರಿಸಿದ ಅಂಕಿಯೂ ಹೆಚ್ಚುಕಡಿಮೆ ಅದೇ.

ರಾಡು ಮತ್ತೆ ಅಂಟಿಕೊಂಡಿತು. ಈ ಸಲ ಅದನ್ನು ಬಿಡಿಸಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಏಕೆ ಅಂಟುತ್ತದೆ ಎಂದು ಯೋಚಿಸಲೇಬೇಕಾಯಿತು. ಆರ್ಕ್, ಎಂದರೆ ರಾಡು ಮತ್ತು ಪಟ್ಟಿಯ ನಡುವೆ ಉರಿಯುವ ವಿದ್ಯುತ್ ಜ್ವಾಲೆ, ಇಲ್ಲದಾಗ ಮಷಿನ್ನಿನ ಎರಡು ತುದಿಗಳ ನಡುವೆ 70 ವೋಲ್ಟಿನ ಆಸುಪಾಸು ಇರುತ್ತದೆ. ರಾಡಿನ ತುದಿ ಪಟ್ಟಿಗೆ ತಾಗಿದ ಕೂಡಲೇ ಶಾರ್ಟ್ ಆಗಿ ತುದಿ ಕರಗತೊಡಗುತ್ತದೆ. ಆ ಕ್ಷಣದಲ್ಲಿ ರಾಡನ್ನು ಅದರ ದಪ್ಪದಷ್ಟೇ ಮೇಲೆತ್ತಿದರೆ ನಡುವಿನ ಗಾಳಿ ಅಯಾನೀಕರಣಗೊಂಡು ಆರ್ಕ್ ಹುಟ್ಟುತ್ತದೆ, ವೋಲ್ಟೇಜು ಇಪ್ಪತ್ತರ ಆಚೀಚೆಗೆ ಇಳಿಯುತ್ತದೆ. ಎತ್ತಲು ತಡವಾದರೆ ಕರಗಿದ ತುದಿ ತಣ್ಣನೆಯ ಪಟ್ಟಿಯ ಮೇಲೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಹೆಚ್ಚು ಎತ್ತಿದರೆ ಆರ್ಕ್ ಆರಿಹೋಗುತ್ತದೆ. ಬೆಂಕಿಕಡ್ಡಿ ಗೀರಿದಂತೆ ಓರೆಯಾಗಿ ಎಳೆದು ಎತ್ತುವ ಅಭ್ಯಾಸ ಕೈಗೆ ಹತ್ತಲು ನನಗೆ ಎರಡು ದಿನ ಬೇಕಾದವು.

ಇಲ್ಲಿಯೇ ಪುಸ್ತಕದ ಒಂದು ಗ್ರಾಫು ನನಗೆ ಮೊದಲ ಬಾರಿ ಅರ್ಥವಾದದ್ದು. ಕೈಯಿಂದ ಮಾಡುವ ವೆಲ್ಡಿಂಗಿಗೆ ಬಳಸುವ ಮಷಿನ್ನಿನ ವೋಲ್ಟೇಜ್ ಮತ್ತು ಕರೆಂಟಿನ ಗೆರೆ ಕಡಿದಾದ ಇಳಿಜಾರಿನಂತಿರುತ್ತದೆ ಎಂದು ಓದಿ, ಅದನ್ನು ಪರೀಕ್ಷೆಯಲ್ಲಿ ಬಿಡಿಸಿ ಬಂದಿದ್ದೆ. ಮನುಷ್ಯನ ಕೈ ನಡುಗುತ್ತದೆ, ಆರ್ಕಿನ ಉದ್ದ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದರೊಂದಿಗೆ ವೋಲ್ಟೇಜೂ ಏರಿಳಿಯುತ್ತದೆ. ಗೆರೆ ಕಡಿದಾಗಿದ್ದರೆ ವೋಲ್ಟೇಜು ಅಷ್ಟು ಏರಿಳಿದರೂ ಕರೆಂಟು ಅಲ್ಪಸ್ವಲ್ಪವೇ ಬದಲಾಗುತ್ತದೆ, ರಾಡು ಒಂದೇ ಸಮನೆ ಕರಗುತ್ತದೆ. ಎಂದರೆ ಆ ಇಳಿಜಾರು ನನ್ನಂಥವನ ನಡುಗುವ ಕೈಯನ್ನು ಗಮನದಲ್ಲಿಟ್ಟುಕೊಂಡೇ ಮಾಡಿದ ಏರ್ಪಾಡು. ತರಗತಿಯಲ್ಲಿ ಈ ಒಂದು ವಾಕ್ಯವನ್ನು ಯಾರಾದರೂ ಹೇಳಿದ್ದರೆ ಆ ಗ್ರಾಫನ್ನು ಬಾಯಿಪಾಠ ಮಾಡುವ ಅಗತ್ಯ ಬರುತ್ತಿರಲಿಲ್ಲ.

ಆರ್ಕ್ ಹಿಡಿದು ನಿಲ್ಲಿಸಲು ಬಂದ ಮೇಲೆ ನಿಜವಾದ ತೊಂದರೆ ಆರಂಭವಾಯಿತು. ಕರಿ ಗಾಜಿನ ಹಿಂದಿನಿಂದ ನೋಡಿದರೆ ನನಗೆ ಕಾಣುತ್ತಿದ್ದದ್ದು ಒಂದು ಹಸಿರು ಬೆಳಕಿನ ಉಂಡೆ ಮಾತ್ರ. ಅದನ್ನು ಹಿಂಬಾಲಿಸುತ್ತ ಹೋಗಿ ಮುಗಿಸಿದಾಗ ಬೆಸುಗೆ ಜೋಡಣೆಯ ಗೆರೆಯನ್ನು ಬಿಟ್ಟು ಎಲ್ಲಿಯೋ ಹೋಗಿರುತ್ತಿತ್ತು. ಕಾಕಾ ನನ್ನ ಕೈಯಿಂದ ಹೋಲ್ಡರ್ ತೆಗೆದುಕೊಂಡು, ನನಗೊಂದು ಗಾಜು ಕೊಟ್ಟು, ತಾವು ಬೀಡ್, ಎಂದರೆ ಬೆಸುಗೆಯ ಗೆರೆ, ಎಳೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಲು ಹೇಳಿದರು.

"ಬೆಳಕ ನೋಡಬ್ಯಾಡೋ ತಮ್ಮಾ. ಅದರ ಹಿಂದ ನೀರಿನಂಗ ಹೊಳಿತೈತಲ್ಲ, ಅದನ್ನ ನೋಡು."

ಪುಸ್ತಕದಲ್ಲಿ ಅದಕ್ಕೆ ವೆಲ್ಡ್ ಪೂಲ್ ಎಂಬ ಹೆಸರಿದೆ. ಕಾಕಾ ಅದನ್ನು ನೀರು ಎಂದೇ ಕರೆಯುತ್ತಿದ್ದರು. ಒಂದಿಡೀ ಮಧ್ಯಾಹ್ನ ನೋಡಿದ ಮೇಲೆ ನನಗೂ ಅದು ಕಂಡಿತು. ಆರ್ಕಿನ ಕೆಳಗೆ, ಸ್ವಲ್ಪ ಹಿಂದಕ್ಕೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಮುಂಭಾಗ ದುಂಡಗಿದ್ದು ಹಿಂಭಾಗ ಚೂಪಾಗುತ್ತ ಹೋಗುವ, ಕನ್ನಡಿಯಂತೆ ಮಿನುಗುವ ಒಂದು ಹೊಂಡ. ಅದರ ಹಿಂದೆ ಅದಕ್ಕಿಂತ ಮಂಕಾದ, ಕೆನೆಯಂತೆ ಸುಕ್ಕುಗಟ್ಟುತ್ತ ಬರುವ ಇನ್ನೊಂದು ದ್ರವ, ಅದು ರಾಡಿನ ಮೇಲಿನ ಲೇಪ ಕರಗಿ ಆಗುವ ಕಿಟ್ಟ. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದೇ ಈ ಕೆಲಸದ ಅರ್ಧ ವಿದ್ಯೆ ಎಂದು ನಾನು ಈಗ ನಂಬಿದ್ದೇನೆ. ಕಿಟ್ಟವು ಹೊಂಡದ ಮುಂದಕ್ಕೆ ಹರಿದುಬಂದರೆ ಆರ್ಕ್ ಅದರ ಮೇಲೆ ಕುಳಿತು ಲೋಹವನ್ನು ಮುಟ್ಟುವುದೇ ಇಲ್ಲ, ಕಿಟ್ಟವು ಬೆಸುಗೆಯೊಳಗೆ ಸಿಕ್ಕಿಬೀಳುತ್ತದೆ. ಆಗ ರಾಡನ್ನು ಇನ್ನಷ್ಟು ಓರೆ ಮಾಡಿ, ಆರ್ಕಿನ ಒತ್ತಡದಿಂದ ಕಿಟ್ಟವನ್ನು ಹಿಂದಕ್ಕೆ ತಳ್ಳಬೇಕು. ಹೊಂಡ ಅಗಲವಾದರೆ ಬೇಗ ಸಾಗಬೇಕು, ಕಿರಿದಾದರೆ ನಿಧಾನಿಸಬೇಕು. ಅಂಚಿನಲ್ಲಿ ಪಟ್ಟಿ ಕರಗಿ ತಗ್ಗಾಗಿ, ಆ ತಗ್ಗು ತುಂಬದೆ ಉಳಿದರೆ ಅದು ಅಂಡರ್‌ಕಟ್. ಅದು ಗಾಜಿನಲ್ಲಿಯೇ ಕಾಣುತ್ತದೆ, ಕಂಡ ಕೂಡಲೇ ಅಲ್ಲಿ ಅರೆಕ್ಷಣ ನಿಲ್ಲಬೇಕು. ಕಿವಿಗೂ ಕೆಲಸವಿದೆ: ಆರ್ಕಿನ ಉದ್ದ ಸರಿಯಾಗಿದ್ದರೆ ಕಾಯ್ದ ಎಣ್ಣೆಗೆ ಭಜಿ ಬಿಟ್ಟಾಗಿನ ಸದ್ದು ಬಿಡದೆ ಬರುತ್ತದೆ, ಉದ್ದ ಹೆಚ್ಚಾದರೆ ಆ ಸದ್ದು ಬುಸುಗುಟ್ಟತೊಡಗಿ ಸುತ್ತಲೂ ಕಿಡಿಗಳು ಸಿಡಿದು ಅಂಟಿಕೊಳ್ಳುತ್ತವೆ.

ಕಿಟ್ಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮೊದಲು ನಾನು ಅದನ್ನು ಕುಟ್ಟಿ ಎಸೆಯುವ ಕಸ ಎಂದಷ್ಟೇ ತಿಳಿದಿದ್ದೆ. 1880ರ ದಶಕದಲ್ಲಿ ಬೆನಾರ್ದೊಸ್ ಕಾರ್ಬನ್ ಕಡ್ಡಿಯಿಂದಲೂ ಸ್ಲಾವ್ಯಾನೊವ್ ಲೋಹದ ಕಡ್ಡಿಯಿಂದಲೂ ಆರ್ಕ್ ವೆಲ್ಡಿಂಗ್ ಮಾಡಿ ತೋರಿಸಿದ್ದರು. ಆದರೆ ಬರಿಯ ಕಡ್ಡಿಯಿಂದ ಮಾಡಿದ ಬೆಸುಗೆ ಗಾಳಿಯ ಆಮ್ಲಜನಕ ಮತ್ತು ಸಾರಜನಕವನ್ನು ಹೀರಿಕೊಂಡು ಪೆಡಸಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಕಡ್ಡಿಯ ಮೇಲೆ ಖನಿಜಗಳ ಲೇಪ ಹಚ್ಚಿ ಈ ತೊಡಕನ್ನು ಬಿಡಿಸಿದರು. ಲೇಪವು ಸುಟ್ಟು ಹೊಗೆಯಾಗಿ ಹೊಂಡಕ್ಕೆ ಮರೆಯಾಗುತ್ತದೆ, ಆರ್ಕನ್ನು ಸ್ಥಿರವಾಗಿಡುತ್ತದೆ, ಲೋಹದಲ್ಲಿನ ಕಲ್ಮಶವನ್ನು ಎಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ, ಕೊನೆಗೆ ಬಿಸಿ ಬೀಡಿನ ಮೇಲೆ ಹೊದಿಕೆಯಾಗಿ ಕುಳಿತು ಅದು ಒಮ್ಮೆಲೇ ತಣಿಯದಂತೆ ನೋಡಿಕೊಳ್ಳುತ್ತದೆ. ಶೆಡ್ಡುಗಳಲ್ಲಿ ಹೆಚ್ಚು ಓಡುವ 6013 ರಾಡಿನ ಲೇಪದಲ್ಲಿ ಮುಖ್ಯವಾಗಿರುವುದು ರೂಟೈಲ್ ಎಂಬ ಟೈಟಾನಿಯಂ ಖನಿಜ. ಆ ಅಂಕಿಯ ಮೊದಲ 60 ಎಂದರೆ ಬೆಸುಗೆಯ ಲೋಹದ ಬಲ ಚದರ ಇಂಚಿಗೆ 60 ಸಾವಿರ ಪೌಂಡ್. ನಂತರದ 1 ಎಂದರೆ ಎಲ್ಲ ಸ್ಥಾನಗಳಲ್ಲೂ ಬಳಸಬಹುದು. ಕೊನೆಯ 3 ಲೇಪದ ಬಗೆಯನ್ನೂ ಯಾವ ಕರೆಂಟಿಗೆ ಹೊಂದುತ್ತದೆ ಎಂಬುದನ್ನೂ ಹೇಳುತ್ತದೆ. ನಮ್ಮ ಭಾರತೀಯ ಮಾನಕ ಐಎಸ್ 814ರ ಪ್ರಕಾರದ ಗುರುತೂ ಅದೇ ಪಾಕೀಟಿನ ಮೇಲಿರುತ್ತದೆ. ಪಾಕೀಟು ಒಡೆಯುವ ಅವಸರದಲ್ಲಿ ಅದನ್ನು ಓದುವವರು ಕಡಿಮೆ.

ಎರಡನೆಯ ವಾರದ ಕೊನೆಗೆ ನಾನೊಂದು ಟಿ ಜಾಯಿಂಟ್ ಮಾಡಿದೆ. ಕಿಟ್ಟವನ್ನು ಕುಟ್ಟಿ, ವೈರ್ ಬ್ರಶ್ಶಿನಿಂದ ಉಜ್ಜಿದಾಗ ಬೀಡು ನಾಣ್ಯಗಳನ್ನು ಒಂದರ ಮೇಲೊಂದು ವಾಲಿಸಿಟ್ಟಂತೆ ಸಮನಾಗಿ ಹೊಳೆಯುತ್ತಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆದು ಗೆಳೆಯರಿಗೆ ಕಳಿಸಿದೆ. ಕಾಕಾ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ, ವೈಸಿಗೆ ಕಚ್ಚಿಸಿ, ನಿಂತ ಪಟ್ಟಿಯನ್ನು ಬೆಸುಗೆಯ ಕಡೆಗೆ ಬಾಗುವಂತೆ ದೊಡ್ಡ ಸುತ್ತಿಗೆಯಿಂದ ಹೊಡೆದರು. ಮೂರನೆಯ ಏಟಿಗೆ ಪಟ್ಟಿ ಕಿತ್ತು ಬಂತು. ಒಳಗೆ ನೋಡಿದರೆ ಬುಡದ ಮೂಲೆಯು ಪಟ್ಟಿಯನ್ನು ಕತ್ತರಿಸಿ ತಂದ ದಿನದಂತೆಯೇ ಚೂಪಾಗಿ ಉಳಿದಿತ್ತು, ಅದರ ಉದ್ದಕ್ಕೂ ಗಾಜಿನಂಥ ಕಪ್ಪು ಕಿಟ್ಟದ ಒಂದು ಗೆರೆ ಇತ್ತು. ನನ್ನ ಬೀಡು ಎರಡು ಪಟ್ಟಿಗಳ ಮೇಲೆ ಸೇತುವೆಯಂತೆ ಕುಳಿತಿತ್ತೇ ಹೊರತು ಮೂಲೆಯನ್ನು ಮುಟ್ಟಿರಲೇ ಇಲ್ಲ. ಪಟ್ಟಿ ತೂತಾಗಬಾರದು ಎಂಬ ಅಂಜಿಕೆಗೆ ನಾನು ಕರೆಂಟನ್ನು 80ಕ್ಕೆ ಇಳಿಸಿಕೊಂಡಿದ್ದೆ. 5.66 ಮಿ.ಮೀ. ಕಂಠ ಎಂಬುದು ಅಲ್ಲಿ ಎರಡು ಮಿಲಿಮೀಟರೂ ಇರಲಿಲ್ಲ.

ಅದೇ ಪಟ್ಟಿಗಳಲ್ಲಿ 115 ಆಂಪಿಯರಿಗೆ ಇನ್ನೊಂದು ಜಾಯಿಂಟ್ ಮಾಡಿ, ಎರಡನ್ನೂ ಅಡ್ಡವಾಗಿ ಕೊಯ್ದು, ಕಾಲೇಜಿನ ಮೆಟಲರ್ಜಿ ಲ್ಯಾಬಿಗೆ ಒಯ್ದೆ. ಕೊಯ್ದ ಮುಖವನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ, ಆಲ್ಕೊಹಾಲಿನಲ್ಲಿ ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್ ಹಚ್ಚಿದಾಗ, ಬಿಳಿಯ ಕಬ್ಬಿಣದ ಮೇಲೆ ಬೆಸುಗೆಯ ನಕ್ಷೆ ನಿಧಾನವಾಗಿ ಮೂಡಿತು. ಮೊದಲನೆಯದರಲ್ಲಿ ಕರಗಿದ ಲೋಹ ಮೂಲೆಯ ಮೇಲೆ ತೂಗುತ್ತಿತ್ತು. ಎರಡನೆಯದರಲ್ಲಿ ಅದು ಮೂಲೆಯನ್ನು ತಿಂದು ಒಳಗಿಳಿದಿತ್ತು. ಎರಡರಲ್ಲೂ ಕರಗಿದ ಭಾಗದ ಹೊರಗೆ ಎರಡು ಮಿ.ಮೀ.ನಷ್ಟು ಅಗಲದ ಒಂದು ಕಪ್ಪು ಪಟ್ಟೆ ಇತ್ತು. ಕರಗದಿದ್ದರೂ ಬಿಸಿಯಿಂದ ಒಳರಚನೆ ಬದಲಾದ ಭಾಗವದು. ಪಠ್ಯದಲ್ಲಿ ಹೀಟ್ ಅಫೆಕ್ಟೆಡ್ ಜೋನ್ ಎಂದು ಕರೆಯುತ್ತಾರೆ. ಇದನ್ನು ನಾನು ಲ್ಯಾಬಿನಲ್ಲಿ ನೋಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಶೆಡ್ಡಿನಲ್ಲಿ ಎಷ್ಟೇ ಚುರುಕು ಕಣ್ಣಿದ್ದರೂ ಇದು ಕಾಣುವುದಿಲ್ಲ.

ಬೆಸುಗೆಯ ಪ್ರತಿ ಮಿಲಿಮೀಟರಿಗೆ ಎಷ್ಟು ಶಾಖ ಹೋಗುತ್ತದೆ ಎಂಬ ಲೆಕ್ಕವನ್ನೂ ಗಡಿಯಾರ ಹಿಡಿದು ಮಾಡಿದೆ. ಒಂದು ಹತ್ತು ನಂಬರ್ ರಾಡು ಸುಮಾರು 75 ಸೆಕೆಂಡು ಉರಿಯಿತು, ಅಷ್ಟರಲ್ಲಿ ಬೀಡು 190 ಮಿ.ಮೀ. ಸಾಗಿತ್ತು, ಎಂದರೆ ನಿಮಿಷಕ್ಕೆ 150 ಮಿ.ಮೀ. ವೇಗ. 24 ವೋಲ್ಟನ್ನು 110 ಆಂಪಿಯರಿನಿಂದ, ಅದನ್ನು 60ರಿಂದ ಗುಣಿಸಿ, ವೇಗದಿಂದ ಭಾಗಿಸಿ, ಶೇ. 80ರಷ್ಟು ಮಾತ್ರ ಪಟ್ಟಿಗೆ ಸೇರುತ್ತದೆ ಎಂದು ಹಿಡಿದರೆ ಮಿಲಿಮೀಟರಿಗೆ 0.84 ಕಿಲೋಜೂಲ್ ಬರುತ್ತದೆ. ನಿಧಾನಿಸಿದಷ್ಟೂ ಈ ಅಂಕಿ ಏರುತ್ತದೆ, ಕಬ್ಬಿಣ ಸೊಟ್ಟಗಾಗುವುದೂ ಅದರೊಂದಿಗೆ ಹೆಚ್ಚುತ್ತದೆ.

ಸೊಟ್ಟಗಾಗುವುದರ ಕಾರಣ ಸರಳ. ಒಂದು ಮೀಟರ್ ಉದ್ದದ ಉಕ್ಕು ನೂರು ಡಿಗ್ರಿ ಬಿಸಿಯಾದರೆ 1.2 ಮಿ.ಮೀ. ಹಿಗ್ಗುತ್ತದೆ. ಕರಗಿ ಸುರಿದ ಬೀಡು ಸಾವಿರದೈನೂರು ಡಿಗ್ರಿಯಿಂದ ತಣಿಯುತ್ತ ಕುಗ್ಗುವಾಗ ತಣ್ಣಗಿರುವ ಪಟ್ಟಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಡಬ್ಬಿಯ ತಳದ ಚೌಕಟ್ಟನ್ನು ಕೂಡಿಸುವಾಗ ಕಾಕಾ ಮೊದಲು ನಾಲ್ಕೂ ಮೂಲೆಗೆ ಟ್ಯಾಕ್, ಎಂದರೆ ಹಿಡಿದಿಡುವಷ್ಟು ಚುಕ್ಕೆ ಬೆಸುಗೆ, ಹಾಕಿ, ಕರ್ಣಗಳನ್ನು ಟೇಪಿನಿಂದ ಅಳೆದು, ನಂತರ ಒಂದು ಮೂಲೆಯಲ್ಲಿ ಅರ್ಧ ರಾಡು ಹೊಡೆದು ಎದುರಿನ ಮೂಲೆಗೆ ಹೋಗುತ್ತಿದ್ದರು. ಒಂದೇ ಕಡೆಯಿಂದ ಮುಗಿಸುತ್ತ ಬಂದರೆ ಕೊನೆಯ ಮೂಲೆ ನೆಲದಿಂದ ಎದ್ದುಬಿಡುತ್ತದೆ. ಟಿ ಜಾಯಿಂಟಿನಲ್ಲಿ ನಿಂತ ಪಟ್ಟಿಯನ್ನು ಎರಡು ಡಿಗ್ರಿಯಷ್ಟು ಆಚೆ ವಾಲಿಸಿ ಟ್ಯಾಕ್ ಹಾಕುತ್ತಿದ್ದರು; ಬೆಸುಗೆ ತಣಿಯುವಷ್ಟರಲ್ಲಿ ಅದು ತಾನಾಗಿಯೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು.

ನಾಲ್ಕನೆಯ ವಾರದಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಬೈಲಹೊಂಗಲದ ಕಡೆಯ ರೈತರೊಬ್ಬರ ಡಬ್ಬಿಯ ಎಳೆಯುವ ಕೊಂಡಿ ಮುರಿದಿತ್ತು, ಅದಕ್ಕೆ ಹಳೆಯ ಶಾಫ್ಟಿನ ತುಂಡೊಂದನ್ನು ಕೂಡಿಸಬೇಕಾಗಿತ್ತು. ಕಾಕಾ ಊಟಕ್ಕೆ ಹೋಗಿದ್ದರು. ಹೊರಗೆ ಬೆಳಗಾವಿಯ ಜುಲೈ ಮಳೆ, ಒಳಗೆ ಎರಡು ದಿನದಿಂದ ಬಾಯಿ ತೆರೆದೇ ಇದ್ದ ರಾಡಿನ ಪಾಕೀಟು. ಆ ರಾಡುಗಳಿಂದಲೇ ನಾನು ಕೊಂಡಿಯ ಸುತ್ತ ಎರಡು ಸುತ್ತು ಬೀಡು ಎಳೆದು, ಬೇಗ ತಣಿಯಲೆಂದು ತಂಪು ಗಾಳಿಗೆ ಬಾಗಿಲ ಬಳಿ ಇಟ್ಟೆ. ಬೀಡು ನೋಡಲು ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಕಾಕಾ ಅದರ ಮೇಲೆ ಸೀಮೆಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿದರು. ಬಿಳಿಯ ಪುಡಿಯ ಮೇಲೆ, ಬೀಡಿನ ಅಂಚಿಗೆ ಸರಿಯಾಗಿ, ಕೂದಲೆಳೆಯಂಥ ಒಂದು ಒದ್ದೆ ಗೆರೆ ಮೂಡಿಬಂತು. ನಂತರ ಅವರು ಶಾಫ್ಟಿನ ಉಳಿದ ತುಂಡನ್ನು ಗ್ರೈಂಡರಿಗೆ ಹಿಡಿದು ತೋರಿಸಿದರು. ಸಾಮಾನ್ಯ ಆಂಗಲ್ಲಿನ ಕಿಡಿಗಳು ಉದ್ದವಾಗಿ ನೇರ ಹೋಗುತ್ತವೆ. ಇದರ ಕಿಡಿಗಳು ದಾರಿಯಲ್ಲೇ ಕವಲೊಡೆದು ಸುರಸುರಬತ್ತಿಯಂತೆ ಚಿಮ್ಮಿದವು.

"ಇದು ಗಟ್ಟಿ ಜಾತಿ ಕಬ್ಬಿಣ. ಮೊದಲ ಬಿಸಿ ಕೊಡಬೇಕು, ಆಮ್ಯಾಲ ಬೂದ್ಯಾಗ ಹುಗಿಬೇಕು. ಗಾಳಿಗೆ ಇಟ್ರ ರಾತ್ರ್ಯಾಗ ಸೀಳತೈತಿ."

"ರಾತ್ರ್ಯಾಗ ಯಾಕ್ರಿ ಕಾಕಾ?" ಎಂದು ಕೇಳಿದೆ.

"ಅದು ನಿಮ್ಮ ಪುಸ್ತಕದಾಗ ಇರಬೇಕು, ನೋಡು."

ಪುಸ್ತಕದಲ್ಲಿ ಇತ್ತು. ಶಾಫ್ಟುಗಳಿಗೆ ಬಳಸುವ ಇಎನ್ 8 ಉಕ್ಕಿನಲ್ಲಿ ಕಾರ್ಬನ್ ಶೇ. 0.40ರ ಹತ್ತಿರ, ಮ್ಯಾಂಗನೀಸು ಶೇ. 0.8ರ ಹತ್ತಿರ ಇರುತ್ತದೆ. ಕಾರ್ಬನ್ನಿಗೆ ಮ್ಯಾಂಗನೀಸಿನ ಆರನೆಯ ಒಂದು ಭಾಗವನ್ನು ಕೂಡಿಸಿದರೆ ಅದರ ಕಾರ್ಬನ್ ಸಮಾನಾಂಕ 0.53, ಕ್ರೋಮಿಯಂ, ನಿಕಲ್ ಮುಂತಾದವು ಇದ್ದರೆ ಅವುಗಳ ಪಾಲನ್ನೂ ಸೇರಿಸಬೇಕು. ಈ ಅಂಕಿ 0.4ನ್ನು ದಾಟಿದರೆ ಎಚ್ಚರವಿರಬೇಕು ಎಂದು ಓದಿದ್ದೆ, ಆದರೆ ನನ್ನ ಮುಂದೆ ಬಿದ್ದ ಕಬ್ಬಿಣಕ್ಕೆ ಅದನ್ನು ಹಚ್ಚಿ ನೋಡಿರಲಿಲ್ಲ. ಅಂಥ ಉಕ್ಕು ಬೆಸುಗೆಯ ಪಕ್ಕದಲ್ಲಿ ಬೇಗ ತಣಿದರೆ ಮಾರ್ಟೆನ್ಸೈಟ್ ಎಂಬ ಗಡುಸಾದ, ಪೆಡಸಾದ ರಚನೆಯಾಗುತ್ತದೆ. ನೈಟಾಲ್ ಹಚ್ಚಿದಾಗ ನಾನು ಕಂಡಿದ್ದ ಕಪ್ಪು ಪಟ್ಟೆಯ ಜಾಗವೇ ಅದು. ಒದ್ದೆ ಲೇಪದ ನೀರು ಆರ್ಕಿನಲ್ಲಿ ಒಡೆದು ಹೈಡ್ರೋಜನ್ ಆಗಿ ಕರಗಿದ ಲೋಹಕ್ಕೆ ಸೇರುತ್ತದೆ. ತಣಿದ ಮೇಲೆ ಆ ಹೈಡ್ರೋಜನ್ ಕಬ್ಬಿಣದ ಪರಮಾಣುಗಳ ನಡುವೆ ಮೆಲ್ಲಗೆ ನುಸುಳುತ್ತ, ಕುಗ್ಗುವಿಕೆಯ ಸೆಳೆತ ಹೆಚ್ಚಾಗಿರುವ ಕಡೆಗೆ ಹೋಗಿ ಕೂಡುತ್ತದೆ. ಗಡುಸು ರಚನೆ, ಹೈಡ್ರೋಜನ್, ಸೆಳೆತ ಮೂರೂ ಒಂದೆಡೆ ಸೇರಿದಾಗ ಬಿರುಕು ಬಿಡುತ್ತದೆ. ಹೈಡ್ರೋಜನ್ ಸಾಗಲು ಸಮಯ ಬೇಕಾದ್ದರಿಂದ ಬಿರುಕು ಕೂಡಲೇ ಕಾಣಿಸದೆ ಗಂಟೆಗಳ ನಂತರ, ಕೆಲವೊಮ್ಮೆ ಎರಡು ದಿನದ ನಂತರ ಕಾಣಿಸುತ್ತದೆ. ಕಾಕಾ ಹೇಳಿದ ರಾತ್ರಿಯ ಲೆಕ್ಕ ಇದೇ.

ಬೀಡನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು, ಗ್ಯಾಸ್ ಟಾರ್ಚಿನಿಂದ ಶಾಫ್ಟನ್ನು ಕಾಯಿಸಿದೆವು. ಕಾಕಾ ಆಗಾಗ ಬೆರಳಿನಿಂದ ಅದರ ಮೇಲೆ ನೀರು ಚಿಮುಕಿಸಿದರು. ಮೊದಮೊದಲು ಹನಿ ಚುರ್ ಎಂದು ಆರಿಹೋಗುತ್ತಿತ್ತು. ನಂತರ ಮುತ್ತಿನಂತೆ ಉರುಳಾಡತೊಡಗಿದಾಗ ಸಾಕು ಎಂದರು. ಹನಿ ತನ್ನದೇ ಉಗಿಯ ಮೇಲೆ ತೇಲುವುದು ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ. ಇಂಥ ಉಕ್ಕಿಗೆ ಬೇಕಾದ ಪೂರ್ವತಾಪವೂ ಹೆಚ್ಚುಕಡಿಮೆ ಅಷ್ಟೇ. ಆದರೆ ರಾಡಿನ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯ ಬಂತು. ಕಡಿಮೆ ಹೈಡ್ರೋಜನ್ನಿನ 7018 ರಾಡು ಬೇಕೆಂದು ಇಬ್ಬರೂ ಒಪ್ಪಿದೆವು. ಅದನ್ನು ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕೆಂದು ಕಾಕಾ ಹೇಳಿದರು. ಅಂಥ ಪೆಟ್ಟಿಗೆ ಒಣಗಿದ ರಾಡನ್ನು ಮಳೆಗಾಲದಲ್ಲಿ ಕಾಪಾಡಬಹುದು, ತೇವ ಹೀರಿದ ರಾಡನ್ನು ಒಣಗಿಸಲಾರದು. ಅದಕ್ಕೆ 300 ಡಿಗ್ರಿಗೂ ಮೇಲೆ ಒಂದು ಗಂಟೆ ಬೇಯಿಸಬೇಕು. ಕೊನೆಗೆ ರಾಡುಗಳನ್ನು ಕಾಲೇಜಿನ ಓವನ್ನಿನಲ್ಲಿ ಒಣಗಿಸಿ, ಸ್ಟೀಲ್ ಡಬ್ಬದಲ್ಲಿ ಮುಚ್ಚಿ, ಸ್ಕೂಟರಿನ ಮೇಲೆ ಬಿಸಿಬಿಸಿಯಾಗಿ ತಂದೆ. ಬೆಸುಗೆ ಮುಗಿದ ಕೂಡಲೇ ಕೊಂಡಿಯನ್ನು ಒಣ ಬೂದಿಯ ಡ್ರಮ್ಮಿನಲ್ಲಿ ಹುಗಿದೆವು. ಮರುದಿನ ಸಂಜೆಯೂ, ಅದರ ಮರುದಿನವೂ ಸೀಮೆಸುಣ್ಣದ ಮೇಲೆ ಯಾವ ಗೆರೆಯೂ ಮೂಡಲಿಲ್ಲ.

ಬಿರುಕಿನ ಕುರಿತು ಓದುತ್ತ ಹೋದಾಗ ಸಿಕ್ಕಿದ ಒಂದು ಸಂಗತಿ ಬಹಳ ದಿನ ತಲೆಯಲ್ಲಿ ಉಳಿಯಿತು. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಎಸ್‌ಎಸ್ ಸ್ಕೆನೆಕ್ಟಡಿ ಎಂಬ ಹೊಸ ಹಡಗು ಶಾಂತ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ ಭಾರೀ ಸದ್ದಿನೊಂದಿಗೆ ಎರಡಾಗಿ ಸೀಳಿತು. ಯುದ್ಧದ ಅವಸರದಲ್ಲಿ ರಿವೆಟ್ ಬಿಟ್ಟು ವೆಲ್ಡಿಂಗಿನಿಂದ ಕಟ್ಟಿದ ಇನ್ನೂ ಹಲವು ಹಡಗುಗಳಲ್ಲಿ ಇಂಥ ಬಿರುಕುಗಳು ಕಂಡವು. ಆ ಕಾಲದ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತಿತ್ತು ಎಂಬುದನ್ನು ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿಕೊಟ್ಟರು. ರಿವೆಟ್ ಮಾಡಿದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ವೆಲ್ಡ್ ಮಾಡಿದ ಹಡಗು ಇಡಿಯಾಗಿ ಒಂದೇ ತುಂಡಾದ್ದರಿಂದ ಅದು ಎಲ್ಲಿಯೂ ನಿಲ್ಲದೆ ಓಡುತ್ತಿತ್ತು. ಡಬ್ಬಿಯ ಚಾಸಿಯಲ್ಲಿ ಬಿರುಕು ಸಿಕ್ಕಾಗ ಕಾಕಾ ಬೆಸುಗೆಗೆ ಮೊದಲು ಅದರ ತುದಿಯಲ್ಲಿ ಒಂದು ಸಣ್ಣ ತೂತು ಕೊರೆಯುತ್ತಿದ್ದರು. ಓಡುವ ಬಿರುಕಿನ ಚೂಪು ತುದಿಯನ್ನು ಮೊಂಡಾಗಿಸುವ ಉಪಾಯವದು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಶೆಡ್ಡುಗಳಿಂದ ಏನನ್ನೂ ಕಲಿಯಬಾರದು ಎಂದು ನೇರವಾಗಿ ಹೇಳುತ್ತೇನೆ. ಮೂರನೆಯ ವಾರ ನನ್ನ ಪಕ್ಕದಲ್ಲಿ ಬೇರೊಬ್ಬರು ಟ್ಯಾಕ್ ಹಾಕುತ್ತಿದ್ದಾಗ ನಾನು ಬರಿಗಣ್ಣಿನಿಂದ ಚೌಕಟ್ಟು ಹಿಡಿದು ನಿಂತಿದ್ದೆ. ಆಗ ಏನೂ ಅನ್ನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಹಾಸ್ಟೆಲಿನಲ್ಲಿ ಎಚ್ಚರವಾದಾಗ ರೆಪ್ಪೆಯ ಕೆಳಗೆ ಬಿಸಿ ಮರಳು ತುಂಬಿದಂತಿತ್ತು, ಕಣ್ಣು ತೆರೆಯಲಾಗಲಿಲ್ಲ. ಆರ್ಕಿನ ನೇರಳಾತೀತ ಕಿರಣಗಳಿಂದ ಕಣ್ಣಿನ ಮೇಲ್ಪದರ ಸುಟ್ಟದ್ದು ಆರರಿಂದ ಹನ್ನೆರಡು ಗಂಟೆಗಳ ನಂತರವೇ ಗೊತ್ತಾಗುವುದು. ಆಲೂಗಡ್ಡೆಯ ಬಿಲ್ಲೆ ಇಟ್ಟುಕೋ ಎಂದು ಗೆಳೆಯರು ಹೇಳಿದರು. ಬೆಳಿಗ್ಗೆ ಕಣ್ಣಿನ ಡಾಕ್ಟರು ಔಷಧ ಕೊಟ್ಟು, ಇನ್ನು ಮುಂದೆ ಅಂಥದ್ದನ್ನು ಕಣ್ಣಿಗೆ ತಾಗಿಸಬೇಡ ಎಂದು ಗದರಿದರು. ಅಂದಿನಿಂದ ಹತ್ತು ಅಥವಾ ಹನ್ನೊಂದು ನಂಬರಿನ ಗಾಜಿರುವ ಹೆಲ್ಮೆಟ್, ಚರ್ಮದ ಕೈಗವಸು, ದಪ್ಪ ಹತ್ತಿ ಬಟ್ಟೆ ಇಲ್ಲದೆ ನಾನು ಹೋಲ್ಡರ್ ಹಿಡಿದಿಲ್ಲ. ಸತು ಲೇಪಿಸಿದ ಜಿಐ ಪೈಪಿನ ಬೆಸುಗೆ ಇನ್ನೊಂದು ಅಪಾಯ: ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು ಅದಕ್ಕಿಂತ ಬಹಳ ಮೇಲೆ, ಹೀಗಾಗಿ ಸತುವೆಲ್ಲ ಬಿಳಿಯ ಹೊಗೆಯಾಗಿ ಮೂಗಿಗೆ ಬರುತ್ತದೆ, ಸಂಜೆಗೆ ಮೈ ನಡುಗುವ ಜ್ವರ ತರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಲೇಪವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡುವುದೊಂದೇ ಸರಿಯಾದ ದಾರಿ. ಮುಚ್ಚಿದ ಹಳೆಯ ಡೀಸೆಲ್ ಬ್ಯಾರಲ್ಲನ್ನು ಬೆಸುಗೆಗೆ ತಂದವರನ್ನು ಕಾಕಾ ಮಾತ್ರ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದನ್ನು ನೋಡಿದ್ದೇನೆ; ಒಳಗೆ ಉಳಿದ ಆವಿ ಬಾಂಬಿನಂತೆ ಸಿಡಿಯಬಹುದು.

ಕೊನೆಯ ವಾರ ಇನ್ವರ್ಟರ್ ಮಷಿನ್ನಿನಲ್ಲಿ ನಿಂತ ಪಟ್ಟಿಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಬೀಡು ಎಳೆಯಲು ಶುರುಮಾಡಿದೆ. ಇದಕ್ಕೆ 3ಜಿ ಸ್ಥಾನ ಎನ್ನುತ್ತಾರೆ. ಮಲಗಿಸಿದ ಪಟ್ಟಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಹೊಂಡ ಇಲ್ಲಿ ಪ್ರತಿ ಕ್ಷಣವೂ ಜಾರಲು ನೋಡುತ್ತದೆ. ಕರೆಂಟನ್ನು ಹತ್ತಿಪ್ಪತ್ತು ಆಂಪಿಯರ್ ಇಳಿಸಿ, ಕೆಳಗೆ ಒಂದು ಚಿಕ್ಕ ಮೆಟ್ಟಿಲನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಮುಂದಿನದನ್ನು ಇಡುತ್ತ, ಎರಡೂ ಅಂಚುಗಳಲ್ಲಿ ನಿಂತು ನಡುವನ್ನು ಬೇಗ ದಾಟಬೇಕು. ನನ್ನ ಬೀಡುಗಳೆಲ್ಲ ದ್ರಾಕ್ಷಿ ಗೊಂಚಲಿನಂತೆ ಜೋತುಬಿದ್ದವು. ಆರು ವಾರ ಮುಗಿದ ದಿನ ಅಂಥ ಹದಿನೇಳು ಪಟ್ಟಿಗಳು ಗುಜರಿಯ ಮೂಲೆಯಲ್ಲಿದ್ದವು. ಕಾಕಾ ಅವುಗಳಲ್ಲಿ ಕೊನೆಯದನ್ನು ಎತ್ತಿ ನೋಡಿ, ಕೆಳಗಿನ ಎರಡು ಇಂಚು ನೆಟ್ಟಗಿದೆ ಎಂದರು. ಕಾಲೇಜು ಶುರುವಾದ ಮೇಲೂ ಶನಿವಾರ ಮಧ್ಯಾಹ್ನಗಳಂದು ಅಲ್ಲಿಗೆ ಹೋಗುತ್ತಿದ್ದೇನೆ, ಈಗ ನಾಲ್ಕು ಇಂಚಿನವರೆಗೆ ಬಂದಿದೆ.